ಪೆಡಲ್ ಆಫ್ ಇದ್ದಾಗ ಸಿಗ್ನಲ್ ಯಾವ ದಾರಿ ಹಿಡಿಯುತ್ತದೆ?

ಗಿಟಾರ್ ಪೆಡಲ್ (ಸದ್ದು ಬದಲಿಸಲು ಕಾಲಿನಿಂದ ತುಳಿಯುವ ಪೆಟ್ಟಿಗೆ) ಕೊಳ್ಳುವಾಗ ಅದು ಆನ್ ಆದರೆ ಹೇಗೆ ಕೇಳಿಸುತ್ತದೆ ಎಂದು ಎಲ್ಲರೂ ನೋಡುತ್ತಾರೆ. ನನ್ನ ತಲೆ ಕೆಡಿಸಿದ್ದು ಆಫ್ ಆದಾಗಿನ ಸದ್ದು. ನನ್ನ ಬಳಿ ಒಂದು ಹಳೆಯ ವಾ ಪೆಡಲ್ ಇತ್ತು, ‘ವಾ-ವಾ’ ಎಂಬ ಸದ್ದು ಕೊಡುವಂಥದ್ದು. ಅದು ಸಾಲಿನಲ್ಲಿ ಇದ್ದರೆ ಸಾಕು, ತುಳಿಯದಿದ್ದರೂ ಗಿಟಾರ್ ಮಂಕಾಗುತ್ತಿತ್ತು.

ಬಿಚ್ಚಿ ನೋಡಿದರೆ ಸ್ವಿಚ್‌ಗೆ ಮೂರೇ ಕಾಲು (ಪಿನ್). ಅಂದರೆ ಎಸ್‌ಪಿಡಿಟಿ, ಒಂದೇ ಸಂಪರ್ಕವನ್ನು ಎರಡು ದಾರಿಗಳ ನಡುವೆ ಬದಲಿಸುವ ಸ್ವಿಚ್. ಇನ್‌ಪುಟ್ ಜ್ಯಾಕಿನಿಂದ ಸರ್ಕ್ಯೂಟ್‌ವರೆಗೆ ಮಲ್ಟಿಮೀಟರ್ ಹಿಡಿದೆ. ಬೈಪಾಸ್‌ನಲ್ಲೂ, ಅಂದರೆ ಪೆಡಲ್ ಆಫ್ ಇದ್ದಾಗಲೂ, ಸಂಪರ್ಕ ಹಾಗೇ ಇತ್ತು. ಆ ಸ್ವಿಚ್ ಬದಲಿಸುವುದು ಔಟ್‌ಪುಟ್ ಕಡೆಯನ್ನು ಮಾತ್ರ. ಸಿಗ್ನಲ್ ನೇರವಾಗಿ ಹೊರಗೆ ಹೋಗುತ್ತದೆ, ನಿಜ. ಆದರೆ ವಾ ಸರ್ಕ್ಯೂಟ್ ಪಕ್ಕದಲ್ಲೇ ಅಂಟಿಕೊಂಡು ಗಿಟಾರ್ ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಪಿಕಪ್‌ನಿಂದ ತನ್ನ ಪಾಲು ಎಳೆಯುತ್ತಲೇ ಇರುತ್ತದೆ. ಹಳೆಯ ವಾಗಳ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ಸುಮಾರು 100 ಕಿಲೋಓಮ್ ಅಷ್ಟೇ. ಪಿಕಪ್‌ಗೆ ಅದು ದೊಡ್ಡ ಹೊರೆ, ಮೊದಲು ಸಾಯುವುದು ಟ್ರೆಬಲ್, ಅಂದರೆ ಸದ್ದಿನ ತೀಕ್ಷ್ಣ ಭಾಗ.

ಹಾಗಾಗಿ 3ಪಿಡಿಟಿ ಫುಟ್‌ಸ್ವಿಚ್ ಹಾಕಿದೆ. ಒಂಬತ್ತು ಕಾಲು, ಮೂರು ಸಾಲು. ಒಳಗೆ ಬೇರೆ ಬೇರೆಯಾದ ಮೂರು ಸ್ವಿಚ್‌ಗಳು ಒಂದೇ ತುಳಿತಕ್ಕೆ ಒಟ್ಟಿಗೆ ಮಗ್ಗುಲು ಬದಲಿಸುತ್ತವೆ. ಒಂದು ಇನ್‌ಪುಟ್‌ಗೆ, ಒಂದು ಔಟ್‌ಪುಟ್‌ಗೆ, ಇನ್ನೊಂದು ಎಲ್‌ಇಡಿಗೆ. ಇದಕ್ಕೆ ಟ್ರೂ ಬೈಪಾಸ್ ಎನ್ನುತ್ತಾರೆ. ಆಫ್ ಆದಾಗ ಸರ್ಕ್ಯೂಟ್ ಪೂರ್ತಿ ಹೊರಗೆ, ಎರಡು ಜ್ಯಾಕ್‌ಗಳ ನಡುವೆ ಬರೀ ತಂತಿ.

ವೈರಿಂಗ್‌ನಲ್ಲಿ ನನಗೆ ಇಷ್ಟವಾದ ದಾರಿ ಹೀಗಿದೆ. ಮೊದಲ ಸ್ವಿಚ್ಚಿನ ನಡುಕಾಲಿಗೆ ಜ್ಯಾಕಿನ ಬದಲು ಸರ್ಕ್ಯೂಟ್‌ನ ಇನ್‌ಪುಟ್ ಕೊಡುತ್ತೇನೆ. ಆನ್ ಕಡೆಯ ಕಾಲು ಇನ್‌ಪುಟ್ ಜ್ಯಾಕಿಗೆ, ಆಫ್ ಕಡೆಯದು ಗ್ರೌಂಡ್‌ಗೆ. ಎರಡನೆಯದರ ನಡುಕಾಲು ಔಟ್‌ಪುಟ್ ಜ್ಯಾಕಿಗೆ. ಅದರ ಆನ್ ಕಡೆಗೆ ಸರ್ಕ್ಯೂಟ್‌ನ ಔಟ್‌ಪುಟ್, ಆಫ್ ಕಡೆಗೆ ಇನ್‌ಪುಟ್ ಜ್ಯಾಕಿನಿಂದ ಒಂದು ಜಂಪರ್. ಇದರಿಂದ ಬೈಪಾಸ್‌ನಲ್ಲಿ ಸರ್ಕ್ಯೂಟ್‌ನ ಇನ್‌ಪುಟ್ ಗ್ರೌಂಡ್ ಆಗುತ್ತದೆ. ಜಾಸ್ತಿ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಇರುವ ಡಿಸ್ಟಾರ್ಷನ್ ಪೆಡಲ್ ಆಫ್ ಇದ್ದಾಗಲೂ ಅದರ ಸದ್ದು ಸಣ್ಣಗೆ ಸೋರುವುದು ನಿಲ್ಲುತ್ತದೆ. ಸೋಲ್ಡರ್ ಮಾಡುವಾಗ ಬೇಗ ಮುಗಿಸಬೇಕು. ಬಿಸಿ ಜಾಸ್ತಿಯಾದರೆ ಒಳಗಿನ ಪ್ಲಾಸ್ಟಿಕ್ ಕರಗಿ ಸ್ವಿಚ್ ಸತ್ತೇ ಹೋಗುತ್ತದೆ.

ತುಳಿದಾಗ ಆಂಪ್‌ನಲ್ಲಿ ‘ಟಪ್’ ಎಂದರೆ ಮೊದಲು ನೋಡಬೇಕಾದ್ದು ಡಿಸಿಯನ್ನು ತಡೆದು ಸಿಗ್ನಲ್ ಮಾತ್ರ ಬಿಡುವ ಕಪ್ಲಿಂಗ್ ಕೆಪಾಸಿಟರ್. ಅದು ಸ್ವಲ್ಪ ಸೋರಿದರೂ ಯಾವುದಕ್ಕೂ ಸೇರದೆ ತೇಲುತ್ತಿರುವ ಕಾಲಿನಲ್ಲಿ ಡಿಸಿ ವೋಲ್ಟೇಜ್ ಸೇರಿಕೊಳ್ಳುತ್ತದೆ, ತುಳಿದ ಕೂಡಲೇ ಒಮ್ಮೆಲೇ ಖಾಲಿಯಾಗುತ್ತದೆ. ಇನ್‌ಪುಟ್ ಮತ್ತು ಔಟ್‌ಪುಟ್‌ನಿಂದ ಗ್ರೌಂಡ್‌ಗೆ 1 ಮೆಗಾಓಮ್ ರೆಸಿಸ್ಟರ್ ಹಾಕಿದರೆ ಬಹುತೇಕ ಗುಣವಾಗುತ್ತದೆ.

ವಾ ಸರಿಹೋಯಿತು. ಆ ಖುಷಿಯಲ್ಲಿ ಉಳಿದ ಪೆಡಲ್‌ಗಳನ್ನೂ ಒಂದೊಂದಾಗಿ ಟ್ರೂ ಬೈಪಾಸ್ ಮಾಡಿದೆ. ಎಲ್ಲವನ್ನೂ ಸಾಲಾಗಿ ಜೋಡಿಸಿ ಎಲ್ಲವನ್ನೂ ಆಫ್ ಮಾಡಿದರೆ, ಮತ್ತೆ ಅದೇ ಮಂಕು!

ಈ ಸಲ ಕಾರಣ ಕೇಬಲ್. ಗಿಟಾರ್ ಕೇಬಲ್‌ಗೆ ಒಂದು ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಸಿಂಗಲ್ ಕಾಯಿಲ್ ಪಿಕಪ್‌ನ ಇಂಡಕ್ಟೆನ್ಸ್ 2.5 ಹೆನ್ರಿ ಎಂದುಕೊಳ್ಳಿ. 5 ಮೀಟರ್ ಕೇಬಲ್‌ನಲ್ಲಿ ಅದರ ರೆಸೊನೆನ್ಸ್ (ಪಿಕಪ್ ಅತಿ ಜೋರಾಗಿ ಮಿಡಿಯುವ ಆವರ್ತನ) ಸುಮಾರು 4,500 ಹರ್ಟ್ಜ್‌ಗೆ ಕೂರುತ್ತದೆ. ಎಲ್ಲ ಪೆಡಲ್ ಆಫ್ ಇದ್ದರೆ ಗಿಟಾರ್‌ನಿಂದ ಆಂಪ್‌ವರೆಗೆ ಒಂದೇ ಉದ್ದನೆಯ ಕೇಬಲ್ ಆದಂತೆ. ಅದು 14 ಮೀಟರ್ ಆಯಿತೆಂದರೆ ರೆಸೊನೆನ್ಸ್ 2,700ರ ಹತ್ತಿರಕ್ಕೆ ಇಳಿಯುತ್ತದೆ. ಅದರ ಮೇಲಿನದ್ದೆಲ್ಲ ಕರಗುತ್ತದೆ. ಪೆಟ್ಟಿಗೆ ಮೇಲೆ ‘ಟ್ರೂ ಬೈಪಾಸ್’ ಎಂದು ಅಚ್ಚು ಹಾಕಿ ಬೆಲೆ ಏರಿಸುವವರು ಇದನ್ನು ಹೇಳುವುದಿಲ್ಲ, ಅಲ್ವಾ?

ಬಾಸ್ (BOSS) ಕಂಪನಿಯವರ ಸಣ್ಣ ಪೆಡಲ್‌ಗಳು 1977ರಲ್ಲಿ ಬಂದವು. ಅವುಗಳ ದಾರಿಯೇ ಬೇರೆ. ಕಾಲಡಿಯ ಸ್ವಿಚ್ಚಿನಲ್ಲಿ ಗಿಟಾರ್ ಸಿಗ್ನಲ್ ಹರಿಯುವುದೇ ಇಲ್ಲ. ಅದು ಆನ್-ಆಫ್ ಸ್ಥಿತಿ ನೆನಪಿಡುವ ಒಂದು ಫ್ಲಿಪ್-ಫ್ಲಾಪ್ ಸರ್ಕ್ಯೂಟ್‌ಗೆ ಸೂಚನೆ ಕೊಡುತ್ತದೆ, ದಾರಿ ಬದಲಿಸುವ ಕೆಲಸ ಎಫ್‌ಇಟಿ ಎಂಬ ಟ್ರಾನ್ಸಿಸ್ಟರ್‌ಗಳದ್ದು. ಸಿಗ್ನಲ್ ಸದಾ ಬಫರ್ ದಾಟಿಯೇ ಹೋಗುತ್ತದೆ. ಬಫರ್ ಪಿಕಪ್‌ನಿಂದ ಬಹಳ ಕಡಿಮೆ ಎಳೆಯುತ್ತದೆ, ಮುಂದಿನ ಕೇಬಲ್ ಅನ್ನು ಬಲವಾಗಿ ನೂಕುತ್ತದೆ. ಇದರ ತೊಂದರೆ ಒಂದೇ: ಬ್ಯಾಟರಿ ಸತ್ತರೆ ಬೈಪಾಸ್‌ನಲ್ಲೂ ಸದ್ದಿಲ್ಲ. ಟ್ರೂ ಬೈಪಾಸ್ ಪೆಡಲ್ ಕರೆಂಟ್ ಇಲ್ಲದೆಯೂ ಸಿಗ್ನಲ್ ದಾಟಿಸುತ್ತದೆ.

ಹಾಗಾಗಿ ನಾನೂ ಒಂದು ಬಫರ್ ಕಟ್ಟಿದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವ ಬಿಡಿಭಾಗಗಳೇ ಸಾಕು. ಒಂದು ಟಿಎಲ್071 ಆಪ್-ಆಂಪ್ ಐಸಿ. 9 ವೋಲ್ಟ್ ಅನ್ನು ಎರಡು 10 ಕಿಲೋಓಮ್ ರೆಸಿಸ್ಟರ್‌ಗಳಿಂದ 4.5ಕ್ಕೆ ಇಳಿಸಿದೆ. ಅಲ್ಲಿಂದ ಐಸಿಯ ಪ್ಲಸ್ ಇನ್‌ಪುಟ್‌ಗೆ 1 ಮೆಗಾಓಮ್. ಸಿಗ್ನಲ್ ಒಳಬರಲು 0.1 ಮೈಕ್ರೋಫ್ಯಾರಡ್, ಹೊರಹೋಗಲು 10. ಮೈನಸ್ ಇನ್‌ಪುಟ್ ಅನ್ನು ಔಟ್‌ಪುಟ್‌ಗೆ ಸೇರಿಸಿದರೆ ಮುಗಿಯಿತು. ಸಾಲಿನ ಆರಂಭಕ್ಕೆ ಇದೊಂದನ್ನು ಇಟ್ಟೆ. ಟ್ರೆಬಲ್ ವಾಪಸ್ ಬಂತು. ಮೊದಮೊದಲು ಕಿವಿಗೆ ಸ್ವಲ್ಪ ಚುಚ್ಚಿತು ಕೂಡ, ಆಂಪ್‌ನ ಟ್ರೆಬಲ್ ಇಳಿಸಬೇಕಾಯಿತು.

ಸದ್ದನ್ನು ಬೇಕೆಂದೇ ಒಡೆಯುವ ಫಝ್ ಪೆಡಲ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಫಝ್ ಫೇಸ್ ಮಾದರಿಯ ಎರಡು ಟ್ರಾನ್ಸಿಸ್ಟರ್ ಸರ್ಕ್ಯೂಟ್‌ಗೆ ಪಿಕಪ್ ನೇರವಾಗಿಯೇ ಬೇಕು. ಅದಕ್ಕಿಂತ ಮೊದಲೇ ಬಫರ್ ಇದ್ದರೆ ಸದ್ದು ಒರಟಾಗುತ್ತದೆ. ಗಿಟಾರ್‌ನ ವಾಲ್ಯೂಮ್ ಇಳಿಸಿದಾಗ ಫಝ್ ತಿಳಿಯಾಗುವ ಆ ಮಜಾ ಹೋಗುತ್ತದೆ. ಹಾಗಾಗಿ ನನ್ನ ಬೋರ್ಡ್‌ನಲ್ಲಿ ಮೊದಲು ಫಝ್, ಅದು ಟ್ರೂ ಬೈಪಾಸ್. ಆಮೇಲೆ ಬಫರ್, ನಂತರ ಉಳಿದವು. ಬಫರ್‌ಗೆ ಫುಟ್‌ಸ್ವಿಚ್ಚೇ ಹಾಕಿಲ್ಲ. ಅದು ಯಾವಾಗಲೂ ಆನ್.