ಎಂಎಸ್ ಆಫೀಸ್ ಹೊಸದಾಯ್ತು, ಸ್ಕ್ಯಾನ್ ಮಾಡಿದ ಹಾಳೆ ತೆರೀತಿಲ್ವಾ?

ಬಾಗಲಕೋಟೆ ನವನಗರದಲ್ಲಿ ಒಬ್ಬ ವಕೀಲರ ಹತ್ತಿರ ನಾನು ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಆಲಮಟ್ಟಿ ಹಿನ್ನೀರಿಗೆ ಹೋದ ಜಮೀನಿನ ಪರಿಹಾರದ ಕೇಸುಗಳೇ ಜಾಸ್ತಿ, ಹಾಗಾಗಿ ಉತಾರ, ನೋಟಿಸು, ಅವಾರ್ಡ್ ಕಾಪಿ ಎಲ್ಲವನ್ನೂ ವರ್ಷಗಟ್ಟಲೆ ಸ್ಕ್ಯಾನ್ ಮಾಡಿ ಇಟ್ಟಿದ್ದೇವೆ. ಎಂಎಸ್ ಆಫೀಸ್ 2007 ತೆಗೆಸಿ 2016 ಹಾಕಿಸಿದ ಮರುದಿನ ಒಂದೂ ತೆರೆಯಲಿಲ್ಲ. ನಾನಂತೂ ಮತ್ತೆ ಸ್ಕ್ಯಾನ್ ಮಾಡೋಣ ಅಂತ ಗಂಟುಗಳನ್ನು ಕೆಳಗಿಳಿಸಿದ್ದೆ. ಸುಮ್ನೆ ಧೂಳು ಕುಡಿದೆ.

ಫೈಲುಗಳಿಗೆ ಏನೂ ಆಗಿರಲಿಲ್ಲ. 2007ರ ಜೊತೆ ಡಾಕ್ಯುಮೆಂಟ್ ಇಮೇಜಿಂಗ್ ಅನ್ನೋ ಪ್ರೋಗ್ರಾಂ ಬರುತ್ತಿತ್ತು, ಸ್ಕ್ಯಾನ್ ಮಾಡಿದ ಹಾಳೆಗಳನ್ನು ಚಿತ್ರವಾಗಿ ಇಡುವ ಟಿಫ್ ಫೈಲುಗಳನ್ನು ತೆರೆಯುತ್ತಿದ್ದದ್ದು ಅದೇ. ಮೈಕ್ರೋಸಾಫ್ಟ್ ಅದನ್ನು ಆಫೀಸ್ 2010ರಲ್ಲಿ ಕೈಬಿಟ್ಟಿತು. ಫೋಟೋ ನೋಡುವ ಪಿಕ್ಚರ್ ಮ್ಯಾನೇಜರ್ 2013ರಲ್ಲಿ ಹೋಯಿತು. ನಾವು ಒಂದೇ ನೆಗೆತಕ್ಕೆ 2016ಕ್ಕೆ ಬಂದವರು, ಎರಡನ್ನೂ ಕಳಕೊಂಡೆವು.

ಮೊದಲು ಫೈಲಿನ ಹೆಸರಿನ ಬಾಲ, ಅಂದರೆ ಚುಕ್ಕಿ ಆದಮೇಲಿನ ಅಕ್ಷರ ನೋಡಿ. ಕಾಣದಿದ್ದರೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ಒತ್ತಿ, ಅಲ್ಲಿರುತ್ತದೆ.

ಡಾಟ್ ಟಿಫ್ (.tif) ಇದ್ದರೆ ಕೆಲಸ ಸಲೀಸು. ಫೈಲಿನ ಮೇಲೆ ರೈಟ್ ಕ್ಲಿಕ್, ಓಪನ್ ವಿತ್, ಚೂಸ್ ಅನದರ್ ಆ್ಯಪ್. ವಿಂಡೋಸ್ 10ರಲ್ಲಿ ಹಳೇ ವಿಂಡೋಸ್ ಫೋಟೋ ವ್ಯೂವರ್ ಇನ್ನೂ ಇದೆ, ಬೇರೆ ಫೋಟೋಗಳಿಗೆ ಕಾಣಿಸದಿದ್ದರೂ ಟಿಫ್‌ಗೆ ಮಾತ್ರ ಪಟ್ಟಿಯಲ್ಲಿ ಬರುತ್ತದೆ. ಅದನ್ನೇ ಆರಿಸಿ, ಕೆಳಗಿನ 'ಆಲ್ವೇಸ್' ಚೌಕಕ್ಕೆ ಟಿಕ್ ಹಾಕಿ. ಟಿಕ್ ಮರೆತರೆ ನಾಳೆ ಮತ್ತೆ ಅದೇ ಕಥೆ.

ಇಲ್ಲಿ ಒಂದು ಮೋಸ ಇದೆ. ಟಿಫ್ ಒಂದೇ ಫೈಲಿನಲ್ಲಿ ಹತ್ತಾರು ಹಾಳೆ ಇರಬಹುದು, ಕೆಲವು ಪ್ರೋಗ್ರಾಂಗಳು ಮೊದಲನೆಯದನ್ನಷ್ಟೇ ತೋರಿಸಿ ಸುಮ್ಮನಾಗುತ್ತವೆ. ನಮ್ಮ ಸಾಹೇಬರು ಪರದೆ ನೋಡಿ, "ಏನ್ರೀ ಇದು, ಒಂದ ಹಾಳಿ ಐತಿ, ಉಳಿದದ್ದೆಲ್ಲಾ ಎಲ್ಲಿ ಹೋತು?" ಅಂದಾಗ ನನಗೂ ಎದೆ ಧಸಕ್ಕೆಂದಿತ್ತು. ಉಳಿದದ್ದು ಒಳಗೇ ಇರುತ್ತದೆ. ಒಂದೇ ಹಾಳೆ ಕಂಡರೂ ಫೈಲಿನ ಸೈಜ್ ಎಂಬಿಗಟ್ಟಲೆ ಇದ್ದರೆ ಅನುಮಾನ ಪಡಿ, ಬೇರೆ ವ್ಯೂವರ್‌ನಲ್ಲಿ ನೋಡಿ. ಅಷ್ಟರೊಳಗೆ ಆ ಫೈಲನ್ನು ಎಡಿಟ್ ಮಾಡಿ ಸೇವ್ ಮಾತ್ರ ಮಾಡಬೇಡಿ, ಆಮೇಲೆ ನಿಜವಾಗಿಯೂ ಒಂದೇ ಹಾಳೆ ಉಳಿದೀತು. ಇರ್ಫಾನ್‌ವ್ಯೂ ಅನ್ನೋ ವ್ಯೂವರ್‌ನಲ್ಲಿ ಎಲ್ಲ ಹಾಳೆಗಳನ್ನೂ ತಿರುವಬಹುದು, ಮನೆ ಬಳಕೆಗೆ ಅದು ಪುಕ್ಕಟೆ, ಕಚೇರಿ ಕೆಲಸಕ್ಕಾದರೆ ದುಡ್ಡು ಕೊಟ್ಟು ಲೈಸೆನ್ಸ್ ತಗೋಬೇಕು.

ಡಾಟ್ ಎಂಡಿಐ (.mdi) ಇದ್ದರೆ ಮಾತ್ರ ತಲೆನೋವು. ಅದು ಡಾಕ್ಯುಮೆಂಟ್ ಇಮೇಜಿಂಗ್‌ನದೇ ಸ್ವಂತ ಮಾದರಿ, ಮಾಮೂಲಿ ವ್ಯೂವರ್‌ಗಳಿಗೆ ಓದಲು ಬರುವುದಿಲ್ಲ. ಹೆಸರಿನ ಬಾಲ ಬದಲಿಸಿ ಟಿಫ್ ಅಂತ ಬರೆದರೆ ಅದು ಟಿಫ್ ಆಗಲ್ಲ (ನಾನೂ ಮಾಡಿ ನೋಡಿದ್ದೇನೆ). ಆಫೀಸ್ 2007ರ ಸಿಡಿ, ಪ್ರಾಡಕ್ಟ್ ಕೀ ಎರಡೂ ನಿಮ್ಮ ಹತ್ತಿರ ಇದ್ದರೆ ಸೆಟಪ್‌ನಲ್ಲಿ ಕಸ್ಟಮೈಸ್ ಒತ್ತಿ, ಉಳಿದದ್ದನ್ನೆಲ್ಲ 'ನಾಟ್ ಅವೈಲೆಬಲ್' ಮಾಡಿ, ಆಫೀಸ್ ಟೂಲ್ಸ್ ಒಳಗಿನ ಡಾಕ್ಯುಮೆಂಟ್ ಇಮೇಜಿಂಗ್ ಒಂದನ್ನೇ ಹಾಕಿಕೊಳ್ಳಬಹುದು. ಆಮೇಲೆ ಒಂದೊಂದೇ ಎಂಡಿಐ ತೆರೆದು, ಸೇವ್ ಆ್ಯಸ್‌ನಲ್ಲಿ ಟಿಫ್ ಆರಿಸಿ ಉಳಿಸಿ. ಬೇಜಾರಿನ ಕೆಲಸ, ಆದರೆ ಒಂದೇ ಸಲದ್ದು. ಸಿಡಿ ಸಿಗದಿದ್ದರೆ, 2007 ಇರುವ ಹಳೇ ಕಂಪ್ಯೂಟರ್ ಮೂಲೆಯಲ್ಲಿ ಬಿದ್ದಿದೆಯಾ ನೋಡಿ. ಕೊನೇ ಎಂಡಿಐ ಬದಲಾಗುವ ತನಕ ಅದನ್ನು ಗುಜರಿಗೆ ಹಾಕಬೇಡಿ.