ಕಪ್ಪು ಎರಡಕ್ಕೆ ಇಳಿದ ಗಿಟಾರ್

ಮೂರು ಮಲಯಾಳಂ ಹಾಡು, ಎರಡು ಹಿಂದಿ, ಒಂದು ತುಳು, ಕೊನೆಗೆ ಕುಣಿಯಲಿಕ್ಕೆ ಒಂದು ಕನ್ನಡ. ಆರು ವರ್ಷ ನಮ್ಮ ಬ್ಯಾಂಡ್ ನಡೆದದ್ದು ಈ ಲೆಕ್ಕದಲ್ಲಿ. ಮದುವೆಯ ಹಿಂದಿನ ರಾತ್ರಿ, ಕ್ಲಬ್ಬಿನ ವಾರ್ಷಿಕೋತ್ಸವ, ಎಲ್ಲ ಕಡೆ ಗಾನಮೇಳ. ಆ ದುಡ್ಡನ್ನು ಹಳಿಯುವುದಿಲ್ಲ, ನನ್ನ ಗಿಟಾರಿನ ಆಂಪ್ಲಿಫೈಯರ್ (ಆಂಪ್) ಬಂದದ್ದೇ ಅದರಲ್ಲಿ. ಆದರೆ ಶುರುವಿಗೆ ನಾವು ಬೇರೆಯೇ ಇದ್ದೆವು. ಕಾಸರಗೋಡಿನ ನೀರ್ಚಾಲಿನ ಹತ್ತಿರ ಅಡಿಕೆ ಸುಲಿಯುವ ಕೊಟ್ಟಿಗೆಯಲ್ಲಿ ಕೂತು, ಪಲ್ಲವಿಯೇ ಇಲ್ಲದ ಹದಿನೆಂಟು ನಿಮಿಷದ ಹಾಡು ಕಟ್ಟಿದವರು. ಕೇಳಿದವರು ಇಪ್ಪತ್ತು ಜನ ಇರಬಹುದು, ಅದರಲ್ಲಿ ಅರ್ಧ ನೆಂಟರು.

ಮತ್ತೆ ಆ ದಾರಿಗೆ ಬರೋಣ ಅಂತ ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ಇಂಗ್ಲೆಂಡಿನ ರಾಕ್ ಬ್ಯಾಂಡ್ ಕಿಂಗ್ ಕ್ರಿಮ್ಸನ್. 1974ರಲ್ಲಿ ಮುಚ್ಚಿದ ಆ ಬ್ಯಾಂಡನ್ನು ಅದರ ಗಿಟಾರಿಸ್ಟ್ ರಾಬರ್ಟ್ ಫ್ರಿಪ್ 1981ರಲ್ಲಿ ಪುನಃ ಕಟ್ಟಿದಾಗ ಹಳೆಯದಕ್ಕೆ ಸುಣ್ಣ ಬಳಿಯಲಿಲ್ಲ. ಎರಡು ಗಿಟಾರ್, ಒಂದು 13 ಎಣಿಸುವಾಗ ಇನ್ನೊಂದು 14, ಅಂದರೆ ಎರಡು ಏಳು, ಎಣಿಸುತ್ತದೆ, ದೂರ ಸರಿದು ಮತ್ತೆ ಬಂದು ಸೇರುತ್ತವೆ. ನಾವೂ ಹಾಗೆ ಎಣಿಸಿ ನೋಡಿದೆವು. ಒಳ್ಳೆಯ ನಕಲು ಆಯಿತು, ಅಷ್ಟೆ. ಡ್ರಮ್ಸಿನವನಿಗೆ ತಡೆಯಲಿಲ್ಲ: "ಏಳು ಎಣಿಸಲಿಕ್ಕೆ ಇಂಗ್ಲೆಂಡಿಗೆ ಎಂತಕೆ ಮಾರಾಯ? ನಮ್ಮ ಯಕ್ಷಗಾನದ ತ್ರಿವುಡೆ ತಾಳ ಉಂಟಲ್ಲ." ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವೇನಲ್ಲ. ನಾಚಿಕೆಯಾಯಿತು.

ಚೆಂಡೆ, ಮದ್ದಳೆ ಎರಡೂ ಬಲ್ಲ ಒಬ್ಬರು ಪರಿಚಯದವರು. ಯಕ್ಷಗಾನ ಮೇಳದ ತಿರುಗಾಟ ಮುಗಿಯುವುದು ಪತ್ತನಾಜೆಗೆ, ಅಂದರೆ ಮೇ ಕೊನೆಗೆ. ಹಾಗಾಗಿ ಅವರು ಸಿಕ್ಕಿದ್ದು ಸರಿಯಾಗಿ ಮಳೆಗಾಲಕ್ಕೆ. ಚರ್ಮ ಥಂಡಿಗೆ ಸಡಿಲಾಗಿ ಚೆಂಡೆ ಬೊದ ಬೊದ ಅನ್ನುತ್ತಿತ್ತು. ಪ್ರತಿ ಸಲ ಬಚ್ಚಲ ಒಲೆಯ ಎದುರು ಹತ್ತು ನಿಮಿಷ ಕಾಯಿಸಿ ತರಬೇಕು. ಕಾದ ಮೇಲೆ ಅದರ ಪೆಟ್ಟಿಗೆ ನನ್ನ ಆಂಪ್ ಲೆಕ್ಕಕ್ಕೇ ಇಲ್ಲ. ಅವರನ್ನು ಜಗಲಿಯಲ್ಲಿ ಕೂರಿಸಿ, ಮೈಕನ್ನು ಬಾಗಿಲಿನ ಹತ್ತಿರ ಇಟ್ಟೆವು.

ಅವರ ಮದ್ದಳೆ ಕಪ್ಪು ಎರಡಕ್ಕೆ ಕೂತದ್ದು. ಹಾರ್ಮೋನಿಯಂನ ಎರಡನೇ ಕಪ್ಪು ಮನೆ, ನಮ್ಮ ಭಾಷೆಯಲ್ಲಿ ಡಿ ಶಾರ್ಪ್. ಗಿಟಾರಿನ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿದೆ, ದಪ್ಪ ತಂತಿ ನೇರ ಅಲ್ಲಿಗೇ ಬಂತು. ಕಾರ್ಡುಗಳನ್ನು ಬಿಟ್ಟು ಬರೀ ಷಡ್ಜ, ಪಂಚಮ ಇಟ್ಟುಕೊಂಡೆ. ಶ್ರುತಿಯ ತಕರಾರು ಅಲ್ಲಿಗೆ ಮುಗಿಯಿತು.

ಕಾಲದ, ಅಂದರೆ ವೇಗದ ತಕರಾರು ಮುಗಿಯಲಿಲ್ಲ. ನಾವು ಕಿವಿಗೆ ಹೆಡ್‌ಫೋನ್ ಹಾಕಿ ನಿಮಿಷಕ್ಕೆ 120 ಪೆಟ್ಟಿನ ಕ್ಲಿಕ್ಕಿಗೆ ನುಡಿಸುವವರು. ಎರಡನೇ ದಿನ ಅವರು ಹೆಡ್‌ಫೋನ್ ತೆಗೆದು ಕೆಳಗಿಟ್ಟರು. "ಈ ಗಡಿಯಾರ ನಿಲ್ಲಿಸಿ ಮಾರಾಯ್ರೆ. ಪದ ಎಲ್ಲಿ ಏರ್ತದೆ ಅಂತ ಅದಕ್ಕೆ ಗೊತ್ತುಂಟಾ?" ಸರಿ, ನಮ್ಮ ಹಾಡುಗಾರನ ಕೈಗೆ ಜಾಗಟೆ ಕೊಟ್ಟೆವು. ಯಕ್ಷಗಾನದಲ್ಲಿ ಪದ ಹೇಳುವ ಭಾಗವತರ ಹಾಗೆ ಅವನೇ ಕಾಲ ಹಿಡಿಯುವುದು, ಉಳಿದವರು ಅವನ ಕೈ ನೋಡುವುದು. ಮೊದಲ ವಾರ ಅವನು ಬೆವರಿದ್ದಕ್ಕೆ ಮಿತಿಯಿಲ್ಲ.

ಕಾಲ ಏರಿದಾಗ ಕೆಟ್ಟದ್ದು ನುಡಿಸಿದ್ದನ್ನು ಪ್ರತಿಧ್ವನಿಸುವ ನನ್ನ ಡಿಲೇ ಪೆಡಲ್. ಅದನ್ನು 375 ಮಿಲಿಸೆಕೆಂಡಿಗೆ ಇಟ್ಟಿದ್ದೆ. 120ರಲ್ಲಿ ಪೆಟ್ಟು ಪೆಟ್ಟಿನ ನಡುವೆ 500, ಹಾಗಾಗಿ ಪ್ರತಿಧ್ವನಿ ಮುಕ್ಕಾಲಿಗೆ ಚಂದವಾಗಿ ಬೀಳುತ್ತಿತ್ತು. ಚೆಂಡೆ ಓಡತೊಡಗಿದ ಮೇಲೆ ಎಲ್ಲ ಕಲಸುಮೇಲೋಗರ. ಪೆಡಲನ್ನು ಬಂದ್ ಮಾಡಲಿಕ್ಕೆ ಕಾಲು ಎತ್ತಿದ್ದೆ, ಅಷ್ಟರಲ್ಲಿ ಜಾಗಟೆ 160ರ ಹತ್ತಿರ ಬಂದಿತ್ತು. ಆ ವೇಗಕ್ಕೆ ಒಂದು ಪೆಟ್ಟೇ 375. ನುಡಿಸಿದ್ದರ ಪ್ರತಿಧ್ವನಿ ಮುಂದಿನ ಪೆಟ್ಟಿನ ನೆತ್ತಿಯ ಮೇಲೆ ಬಂದು ಕೂತಿತು. ಬಾಸ್ ನುಡಿಸುವವ ತಲೆಯೆತ್ತಿ ನನ್ನ ಮುಖ ನೋಡಿದ. ಪೆಡಲಿನ ಗುಂಡಿಯನ್ನು ಆಮೇಲೆ ನಾನು ಮುಟ್ಟಲೇ ಇಲ್ಲ. ಆ ಕಲಸುಮೇಲೋಗರವನ್ನು ದಾಟಿ ಹೋಗುವುದೇ ಈಗ ನಮ್ಮ ಹಾಡು, ತ್ರಿವುಡೆಯಲ್ಲಿ, ಮುಂಚಿನ ಹಾಗೆ ಪಲ್ಲವಿ ಇಲ್ಲದೆ.

ಮೂರು ಸಲ ರೆಕಾರ್ಡ್ ಮಾಡಿದೆವು. ಹನ್ನೊಂದು ನಿಮಿಷ, ಹದಿನಾಲ್ಕು, ಒಂಬತ್ತು. ಇಟ್ಟುಕೊಂಡದ್ದು ಒಂಬತ್ತರದ್ದು. ಅದರಲ್ಲಿ ನಡುವೆ ಹಂಚಿನ ಮೇಲೆ ಮಳೆ ಸುರಿಯುವುದು ಕೇಳುತ್ತದೆ, ತೆಗೆಯಲಿಕ್ಕೆ ಆಗಲಿಲ್ಲ. ಎರಡನೇ ಹಾಡು ಜಂಪೆ ತಾಳಕ್ಕೆ ಅಂತ ಆಗಿದೆ. ಮೇಳ ಹೊರಟಾಯಿತು, ಇನ್ನು ಪತ್ತನಾಜೆ ಕಳೆಯಬೇಕು. ಅಲ್ಲಿಯವರೆಗೆ ಗಾನಮೇಳವೇ, ಈ ಶನಿವಾರ ಬದಿಯಡ್ಕದಲ್ಲಿ ಒಂದು ಮದುವೆ ಉಂಟು.