ನಿಮ್ಮ ಪುಟ್ಟ ಸಾಫ್ಟ್‌ವೇರ್‌ಗೊಂದು ಲೋಗೊ: 16 ಪಿಕ್ಸೆಲ್‌ನಿಂದ ಶುರುಮಾಡಿ

ಬಿಡುವಿದ್ದಾಗಲೆಲ್ಲ ಕೂತು ಬರೆದ ಸಾಫ್ಟ್‌ವೇರ್ ಕೊನೆಗೂ ಕೆಲಸ ಮಾಡುತ್ತಿದೆ. ಇನ್ನು ನಾಲ್ಕು ಜನಕ್ಕೆ ತೋರಿಸಬೇಕು. ಆಗ ಲೋಗೊ ನೆನಪಾಗುತ್ತದೆ. ಹೆಚ್ಚಿನವರು ಪರದೆ ತುಂಬ ದೊಡ್ಡ ಚಿತ್ರ ಬಿಡಿಸಲು ಕೂರುತ್ತಾರೆ. ಆದರೆ ಆ ಲೋಗೊ ದಿನವೂ ಕಣ್ಣಿಗೆ ಬೀಳುವುದು ಬ್ರೌಸರ್ ಟ್ಯಾಬ್‌ನಂಥ ಇಕ್ಕಟ್ಟಿನ ಜಾಗದಲ್ಲಿ. ಅಲ್ಲಿ ಸಿಗುವುದು 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ, ಅಂದರೆ ಒಟ್ಟು 256 ಚುಕ್ಕಿ. ಅಷ್ಟರಲ್ಲೇ ಗುರುತು ಸಿಗಬೇಕು. ಹಾಗಾಗಿ ಕೆಲಸ ಆ ಚಿಕ್ಕ ಚೌಕದಿಂದಲೇ ಶುರುವಾಗಲಿ.

1. ಮೊದಲು ಒಂದು ವಾಕ್ಯ

ನಿಮ್ಮ ಸಾಫ್ಟ್‌ವೇರ್ ಏನು ಮಾಡುತ್ತದೆ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ಚಿತ್ರವಾಗಬಲ್ಲ ಒಂದು ಪದ ಹುಡುಕಿ. ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಲೋಗೊ ನೋಡಿ: ಮೂಲೆಯ ಮೇಲೆ ನಿಂತ ಕಿತ್ತಳೆ ಚೌಕ, ಒಳಗೆ ಕವಲೊಡೆದ ಗೆರೆ. ಗಿಟ್‌ನಲ್ಲಿ ನೂರೆಂಟು ಸೌಲಭ್ಯಗಳಿವೆ, ಲೋಗೊದಲ್ಲಿ ಇರುವುದು ಬ್ರಾಂಚ್ (ಕೋಡ್‌ನ ಕವಲು) ಒಂದೇ.

ಅಂಥ ಪದ ಸಿಗದಿದ್ದರೂ ಚಿಂತೆ ಬೇಡ. ಲೋಗೊ ಎಲ್ಲವನ್ನೂ ವಿವರಿಸಬೇಕೆಂದೇನೂ ಇಲ್ಲ. ಲ್ಯಾರಿ ಈವಿಂಗ್ 1996ರಲ್ಲಿ ಗಿಂಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಬಳಸಿ ಬಿಡಿಸಿದ ಪೆಂಗ್ವಿನ್‌ಗೂ ಆಪರೇಟಿಂಗ್ ಸಿಸ್ಟಮ್‌ಗೂ ಏನು ಸಂಬಂಧ? ಆದರೂ ನೋಡಿದ ಕೂಡಲೇ ಲಿನಕ್ಸ್ ಅಂತ ಗೊತ್ತಾಗುತ್ತದೆ, ಅಲ್ವಾ? ಹಲ್ಲಿನ ಚಕ್ರ, ಬಲ್ಬು, ಮೋಡ ಮಾತ್ರ ಬೇಡ. ಎಲ್ಲರೂ ಅವನ್ನೇ ಬಳಸಿ ಬಳಸಿ ಈಗ ಅವು ಯಾರ ಗುರುತೂ ಅಲ್ಲ.

2. ದಪ್ಪ ಪೆನ್ನು, ಚಿಕ್ಕ ಚೌಕ

ಕಾಗದದ ಮೇಲೆ ಬೆರಳ ತುದಿಯಷ್ಟಗಲದ ಚೌಕಗಳನ್ನು ಹಾಕಿ. ದಪ್ಪ ಮಾರ್ಕರ್‌ನಲ್ಲಿ ಒಂದೊಂದರೊಳಗೂ ಒಂದು ಐಡಿಯಾ ಗೀಚಿ. ಚಿತ್ರಕಲೆ ಬರಬೇಕಿಲ್ಲ. ದಪ್ಪ ಮೊನೆಯಲ್ಲಿ ಸಣ್ಣ ವಿವರ ಬಿಡಿಸಲು ಆಗುವುದೇ ಇಲ್ಲ. ಅದೇ ಇಲ್ಲಿನ ಲಾಭ. ಬಣ್ಣ ಈಗಲೇ ಬೇಡ. ಕಪ್ಪು ಬಿಳುಪಿನಲ್ಲಿ ನಿಲ್ಲದ ಆಕಾರವನ್ನು ಬಣ್ಣ ಕಾಪಾಡುವುದಿಲ್ಲ.

3. ಕಂಪ್ಯೂಟರಿಗೆ ತನ್ನಿ

ಲೋಗೊ ವೆಕ್ಟರ್ ಆಗಿರಬೇಕು, ಅಂದರೆ ಚುಕ್ಕಿಗಳಿಂದಲ್ಲ, ಗಣಿತದ ಗೆರೆಗಳಿಂದ ಆದ ಚಿತ್ರ. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದಿರಲು ಅದೇ ದಾರಿ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ ಎಂಬ ಸಾಫ್ಟ್‌ವೇರ್ ಈ ಕೆಲಸಕ್ಕೆ ಧಾರಾಳ ಸಾಕು.

ಪುಟದ ಅಳತೆ 512 x 512 ಪಿಕ್ಸೆಲ್ ಇರಲಿ. ಅದರ ಮೇಲೆ 32 ಪಿಕ್ಸೆಲ್‌ಗೊಂದು ಗೆರೆ ಬರುವಂತೆ ಗ್ರಿಡ್ ಹಾಕಿ. ಯಾಕೆ 32? 512ನ್ನು 16ರಿಂದ ಭಾಗಿಸಿದರೆ ಬರುವುದು 32. ಗ್ರಿಡ್‌ನ ಒಂದು ಮನೆ, ಟ್ಯಾಬ್ ಐಕಾನ್‌ನ ಒಂದು ಪಿಕ್ಸೆಲ್‌ಗೆ ಸಮ. ನೇರ ಗೆರೆಗಳ ಅಂಚು ಗ್ರಿಡ್ ಮೇಲೆಯೇ ಕೂತರೆ, ಕುಗ್ಗಿಸಿದಾಗಲೂ ಚೊಕ್ಕವಾಗಿ ಕಾಣುತ್ತವೆ. ನಡುವೆ ಎಲ್ಲೋ ಬಿದ್ದರೆ ಎರಡು ಪಿಕ್ಸೆಲ್‌ಗೆ ಹಂಚಿಹೋಗಿ ಮಸುಕಾಗುತ್ತವೆ. ಗೆರೆಯ ದಪ್ಪ ಒಂದು ಮನೆಗಿಂತ ಕಡಿಮೆ ಬೇಡ, ಎರಡಾದರೆ ಇನ್ನೂ ಒಳ್ಳೆಯದು. ಗೆರೆಗಳ ನಡುವಿನ ಖಾಲಿ ಜಾಗಕ್ಕೂ ಇದೇ ಲೆಕ್ಕ.

ವೃತ್ತ, ಚೌಕಗಳನ್ನು ಕೂಡಿಸಿ, ಒಂದರಿಂದ ಇನ್ನೊಂದನ್ನು ಕತ್ತರಿಸಿ ಆಕಾರ ಮಾಡಿ. ಪಾತ್ ಮೆನುವಿನಲ್ಲಿ ಯೂನಿಯನ್, ಡಿಫರೆನ್ಸ್ ಇರುವುದು ಇದಕ್ಕೇ. ಕೊನೆಯಲ್ಲಿ ಮಾತ್ರ ಅಳತೆಗಿಂತ ಕಣ್ಣನ್ನು ನಂಬಿ. ಒಂದೇ ಎತ್ತರದ ಚೌಕದ ಪಕ್ಕ ವೃತ್ತ ಚಿಕ್ಕದಾಗಿ ಕಾಣುತ್ತದೆ, ಅದನ್ನು ತುಸು ಹಿಗ್ಗಿಸಬೇಕು. ಪ್ಲೇ ಬಟನ್‌ನ ತ್ರಿಕೋನವನ್ನು ಲೆಕ್ಕ ಹಾಕಿ ನಡುವೆ ಇಟ್ಟರೂ ಎಡಕ್ಕೆ ಸರಿದಂತೆ ಕಾಣುತ್ತದೆ. ಸ್ವಲ್ಪ ಬಲಕ್ಕೆ ತಳ್ಳಿ.

4. ಅಕ್ಷರವೇ ಲೋಗೊ ಆದರೆ

ಕನ್ನಡ ಅಕ್ಷರ ಬಳಸುವ ಆಸೆಯಿದ್ದರೆ ಖಂಡಿತ ಬಳಸಿ, ಅದರ ದುಂಡನೆಯ ರೂಪ ಐಕಾನ್‌ಗೆ ಚೆನ್ನಾಗಿ ಒಪ್ಪುತ್ತದೆ. ಗ, ದ, ರ ಚಿಕ್ಕ ಗಾತ್ರದಲ್ಲೂ ಉಳಿಯುತ್ತವೆ. ಒತ್ತಕ್ಷರ ಬಂದರೆ ಎಲ್ಲ ಕಲಸಿಹೋಗುತ್ತದೆ. ಫಾಂಟ್‌ನ ಲೈಸೆನ್ಸ್ ಓದಿ. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಇರುವ ಫಾಂಟನ್ನು ಲೋಗೊಗೆ ಬಳಸಬಹುದು. ಮುಗಿದ ಮೇಲೆ ‘ಆಬ್ಜೆಕ್ಟ್ ಟು ಪಾತ್’ ಒತ್ತಿ ಅಕ್ಷರವನ್ನು ಆಕಾರವಾಗಿ ಬದಲಿಸಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬೇರೇನೋ ಕಾಣುತ್ತದೆ.

5. ಬಣ್ಣ

ಒಂದು ಸಾಕು, ಎರಡು ಜಾಸ್ತಿಯೇ. ಬಿಳಿ ಹಿನ್ನೆಲೆಯಲ್ಲೂ ಡಾರ್ಕ್ ಮೋಡ್‌ನಲ್ಲೂ ಇಟ್ಟು ನೋಡಿ. ಐಕಾನ್‌ಗೂ ಹಿನ್ನೆಲೆಗೂ ಕನಿಷ್ಠ 3:1 ಕಾಂಟ್ರಾಸ್ಟ್ (ಹೊಳಪಿನ ಅಂತರ) ಇರಲಿ. ಕೆಂಪು ಹಸಿರಿನ ವ್ಯತ್ಯಾಸವನ್ನೇ ನಂಬಿ ಚಿತ್ರ ಮಾಡಬೇಡಿ, ಅದು ಕಾಣದ ಕಣ್ಣುಗಳೂ ಇವೆ.

6. ಪರೀಕ್ಷೆ, ಆಮೇಲೆ ಫೈಲುಗಳು

16 ಮತ್ತು 32 ಪಿಕ್ಸೆಲ್‌ನ ಪಿಎನ್‌ಜಿ ತೆಗೆದು, ಹತ್ತಾರು ಟ್ಯಾಬ್‌ಗಳ ನಡುವೆ ಇಟ್ಟು, ಕುರ್ಚಿ ಹಿಂದೆ ಸರಿಸಿ ನೋಡಿ. ಗುರುತು ಸಿಗದಿದ್ದರೆ ಏನಾದರೂ ಸೇರಿಸಬೇಡಿ, ಒಂದು ಭಾಗ ತೆಗೆಯಿರಿ. ಚಿತ್ರದಿಂದಲೇ ಹುಡುಕುವ ಸರ್ಚ್‌ನಲ್ಲಿ ಹಾಕಿ, ಬೇರೆಯವರದ್ದನ್ನು ಹೋಲುತ್ತದೆಯೇ ಎಂದೂ ನೋಡಿ.

ಮೂಲ ಎಸ್‌ವಿಜಿ (ವೆಕ್ಟರ್) ಫೈಲನ್ನು ಪ್ರಾಜೆಕ್ಟ್ ಜೊತೆಗೇ ಇಡಿ. ಐಫೋನ್ ಹೋಮ್ ಸ್ಕ್ರೀನ್‌ಗೆ 180, ವೆಬ್ ಆ್ಯಪ್‌ಗೆ 192 ಮತ್ತು 512, ಆ್ಯಪಲ್ ಆ್ಯಪ್ ಸ್ಟೋರ್‌ಗೆ 1024 ಪಿಕ್ಸೆಲ್ ಬೇಕು. ಆಂಡ್ರಾಯ್ಡ್ ಐಕಾನ್‌ನ ಅಂಚನ್ನು ಫೋನುಗಳು ತಮಗೆ ಬೇಕಾದಂತೆ ಕತ್ತರಿಸುತ್ತವೆ. 108 ಡಿಪಿ (ಆಂಡ್ರಾಯ್ಡ್‌ನ ಅಳತೆಯ ಮಾನ) ಅಗಲದಲ್ಲಿ ನಡುವಿನ 66 ಡಿಪಿಯೊಳಗೇ ಮುಖ್ಯ ಆಕಾರ ಇರಲಿ. ಕೋಡ್‌ಗೆ ಮುಕ್ತ ಲೈಸೆನ್ಸ್ ಕೊಟ್ಟಿದ್ದರೆ, ಲೋಗೊವನ್ನು ಯಾರು ಹೇಗೆ ಬಳಸಬಹುದು ಎಂಬುದನ್ನು ರೀಡ್‌ಮಿಯಲ್ಲಿ ಬೇರೆಯಾಗಿಯೇ ಬರೆಯಿರಿ.